ಲಿಫ್ಟಿನಲ್ಲಿ ಆಡಿದ ಮಾತು

ಗುರುವಾರ ನಾಲ್ಕು ಗಂಟೆಗೆ ಸರಿಯಾಗಿ ಕೆಳಗಿನ ಬೀದಿಬಾಗಿಲ ಬೆಲ್ ಸದ್ದು ಮಾಡಿತು. ಮನೋವಿಶ್ಲೇಷಕಿ ಎಲ್ವಿರಾ ಬೀಗದಕೈ ಎತ್ತಿಕೊಂಡಳು. ಅದು ಅವಳ ರೋಗಿ ಲಿಸಾಂದ್ರೋನ ಹೊತ್ತು. ಅವನು ತಾನಾಗಿಯೇ ಜೀವ ಕಳೆದುಕೊಂಡು ಆರು ವಾರವಾಗಿತ್ತು. ಪ್ರತಿ ಗುರುವಾರ ಇದೇ ಹೊತ್ತಿಗೆ ಅವಳಿಗೆ ಬೆಲ್ ಕೇಳಿಸುತ್ತಿತ್ತು, ಬೀಗದಕೈ ಹಿಡಿದು ಇಳಿದು ಹೋದರೆ ಬಾಗಿಲಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ. ಇವತ್ತು ಒಬ್ಬ ಹೆಂಗಸು ನಿಂತಿದ್ದಳು. ಅವನದೇ ಕಣ್ಣು.

"ನಾನು ಎಮಿಲ್ಸೆ, ಲಿಸಾಂದ್ರೋನ ತಾಯಿ," ಎಂದಳು.

ಬ್ಯೂನಸ್ ಐರಿಸ್‌ನ ಹಳೆಯ ಕಟ್ಟಡಗಳ ಬೀದಿಬಾಗಿಲು ಒಳಗಿನಿಂದಲೂ ಬೀಗದಕೈ ಇಲ್ಲದೆ ತೆರೆಯುವುದಿಲ್ಲ. ಹಾಗಾಗಿ ಮನೋವಿಶ್ಲೇಷಕಿಯೇ ಇಳಿದು ಬಂದು ರೋಗಿಯನ್ನು ಕರೆದೊಯ್ಯಬೇಕು, ಮುಗಿದ ಮೇಲೆ ಕೆಳಗೆ ಬಿಟ್ಟುಬರಬೇಕು. ಎಲ್ವಿರಾಳದು ಮೂವತ್ತು ವರ್ಷದ ಕಟ್ಟುನಿಟ್ಟು: ಮನಸ್ಸಿನ ಮಾತೆಲ್ಲ ಕೋಣೆಯೊಳಗೆ, ಲಿಫ್ಟಿನಲ್ಲಿ ಹವಾಮಾನ ಮಾತ್ರ. ಲಿಫ್ಟ್ ಹತ್ತಿದರೆ ಎಲ್ವಿರಾಗೆ ಕಿವಿ ಕೇಳಿಸಲ್ಲ ಎಂದು ಜೊತೆಯವರು ನಗುತ್ತಿದ್ದರು. ಅವಳಿಗೂ ಅದು ಹೆಮ್ಮೆಯೇ ಆಗಿತ್ತು.

ಆರನೇ ಮಹಡಿಯ ಕೋಣೆಯಲ್ಲಿ ಎಮಿಲ್ಸೆ ಮಗ ಮಲಗಿ ಮಾತಾಡುತ್ತಿದ್ದ ದಿವಾನ್ ಮಂಚವನ್ನು ಮುಟ್ಟಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತಳು.

"ಡಾಕ್ಟ್ರೇ, ಕೊನೇ ದಿನ ಏನಂದ ಅವ್ನು? ಒಂದೇ ಒಂದು ಮಾತು ಹೇಳಿ, ಸಾಕು."

"ಇಲ್ಲಿ ಆಡಿದ್ದು ಇಲ್ಲೇ ಇರ್ಬೇಕು ಸೆನ್ಯೋರಾ. ಅವ್ರು ಹೋದ್ಮೇಲೂ ಅಷ್ಟೇ."

"ಹತ್ತು ವರ್ಷ ನಿಮ್ಹತ್ರ ಬಾಯ್ತುಂಬ ಮಾತಾಡ್ದ. ನನ್ಹತ್ರ ಉಪ್ಪು ಕೊಡಮ್ಮ ಅಂದಿದ್ದಷ್ಟೇ." ಅವಳು ಅಳಲಿಲ್ಲ. "ಹೋಗ್ಲಿ ಬಿಡಿ. ಬಾಗಿಲು ತೆಗ್ದುಕೊಡಿ."

ಇಬ್ಬರೂ ಲಿಫ್ಟ್ ಹತ್ತಿದರು. ಮೂವರು ನಿಂತಷ್ಟು ಇಕ್ಕಟ್ಟಾಗಿತ್ತು. ಎಲ್ವಿರಾ ಹವಾಮಾನದ ಮಾತು ತೆಗೆಯಹೋಗಿ ಬಿಟ್ಟಳು. ಲಿಫ್ಟಿನ ಮಾತು ಚಿಕಿತ್ಸೆಯ ಲೆಕ್ಕಕ್ಕಿಲ್ಲ ಎಂದುಕೊಂಡು, ಲಿಸಾಂದ್ರೋ ಬಂದ ಕೊನೆಯ ದಿನ ಅವನಿಗೆ ಉತ್ತರ ಕೊಡದೇ ಇದ್ದವಳು ಅವಳೇ. ಲೆಕ್ಕಕ್ಕಿಲ್ಲದ್ದು ಗುಟ್ಟು ಹೇಗಾದೀತು? ಅಡಗಿಕೊಳ್ಳಲು ಅವಳಿಗೆ ಇನ್ನು ಜಾಗವಿರಲಿಲ್ಲ.

"ಕೊನೇ ದಿನ ಒಂದು ಮಾತು ಅವ್ರು ಕೋಣೆಯಲ್ಲಿ ಆಡ್ಲಿಲ್ಲ," ಎಂದಳು, ಎರಡನೇ ಮಹಡಿ ದಾಟುವಾಗ. "ಇಲ್ಲಿ ಆಡಿದ್ರು. 'ಡಾಕ್ಟ್ರೇ, ಇವತ್ತು ಬಾಗಿಲು ತೆಗೀಬೇಡಿ' ಅಂದ್ರು."

ಲಿಫ್ಟ್ ನಿಂತಿತು. ಎಮಿಲ್ಸೆ ಬೀದಿಬಾಗಿಲಿನವರೆಗೆ ನಡೆದು ತಿರುಗಿದಳು.

"ಅದಕ್ಕೆ ನೀವೇನಂದ್ರಿ?"

"ಏನೂ ಅನ್ಲಿಲ್ಲ. ಬಾಗಿಲು ತೆಗ್ದೆ."

ಆರು ವಾರದಿಂದ ಅವಳು ಯಾರಿಗೂ ಹೇಳದಿದ್ದ ಮಾತು ಅದು. ಹೇಳಿದ ಮೇಲೆ ಹಗುರವೇನೂ ಆಗಲಿಲ್ಲ. ಅಭ್ಯಾಸಬಲದಿಂದ ಕೈ ಬೀಗದಕೈಯನ್ನು ತೂತಿಗೆ ಹಾಕಿತ್ತು.

ಎಮಿಲ್ಸೆ ಆ ಕೈಯ ಮೇಲೆ ತನ್ನ ಕೈಯಿಟ್ಟಳು. "ತೆಗೀಬೇಡಿ ಡಾಕ್ಟ್ರೇ," ಎಂದಳು.

ಎಲ್ವಿರಾ ಬೀಗದಕೈಯನ್ನು ಹೊರಗೆಳೆದು ಜೇಬಿಗೆ ಹಾಕಿಕೊಂಡಳು. ಲಿಫ್ಟ್ ಇನ್ನೂ ತೆರೆದೇ ನಿಂತಿತ್ತು.