ಮಗುಚಬಾರದ ತುಂಡು

ಸ್ಪಷ್ಟವಂತೆ, ಪ್ರೊಫೆಸರರು ಎಷ್ಟು ಸಲೀಸಾಗಿ ಹೇಳಿಬಿಟ್ಟರು, ಇದು ಸ್ಪಷ್ಟ ಎಂದು, ಮೈಕು ಕಿರ್ರೆಂದಿತು, ಅದಕ್ಕಾದರೂ ನಾಚಿಕೆಯಾಯಿತೇನೋ ಎಂದುಕೊಂಡಳು ಅವಳು, ಮೊದಲ ಸಾಲಿನ ಕುರ್ಚಿಯಲ್ಲಿ, ಹಲ್ಲು ಕಚ್ಚಿಕೊಂಡು — ಪ್ರೊಫೆಸರರಿಗೆ ಇವತ್ತು ಎಪ್ಪತ್ತು ತುಂಬಿತು, ಸಭಾಂಗಣದ ತುಂಬ ಜನ, ಗೋಡೆಯ ಮೇಲೆ ಅವರ ಆಳೆತ್ತರದ ಪಟ, ಹಲಗೆಯ ಮೇಲೆ ಅವರ ಹೆಸರಿನ ಪ್ರಮೇಯ, ಅವರದಂತೆ, ಅದನ್ನು ಹೆತ್ತವಳು ಇಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಇಂಥ ಆಕಾರದ ತುಂಡುಗಳಿಂದ ಯಾವ ಆಯತವನ್ನೂ ಸಂದಿ ಬಿಡದೆ ಮುಚ್ಚಲಾಗದು, ಅಷ್ಟೇ, ಒಂದೇ ವಾಕ್ಯ, ಆ ವಾಕ್ಯಕ್ಕಾಗಿ ಮೂರು ಚಳಿಗಾಲ ಹೀಟರ್ ಕೆಟ್ಟ ಕೋಣೆಯಲ್ಲಿ, ಕೋಟಿನ ಮೇಲೆ ಕಂಬಳಿ ಹೊದ್ದು, ನೆಲದ ಮೇಲೆ ಕಾಗದದ ಚೂರು ಹರವಿಕೊಂಡು ಮಂಡಿ ಮರಗಟ್ಟಿಸಿಕೊಂಡವಳು ಯಾರು, ದೇಶ ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ಬಂದ ಇಪ್ಪತ್ತನಾಲ್ಕರ ಹುಡುಗಿ, ಅರವತ್ತೊಂದು ಪುಟ ಕೈಯಲ್ಲೇ ಬರೆದು ಅವರ ಮೇಜಿನ ಮೇಲಿಟ್ಟಳು, ಇಟ್ಟು ಹೋಗು, ನೋಡ್ತೀನಿ ಅಂದರು, ನೋಡಿದರು, ಚೆನ್ನಾಗಿಯೇ ನೋಡಿದರು, ಎಂಟು ತಿಂಗಳಿಗೆ ಅಚ್ಚಾಗಿ ಬಂತು, ಮೇಲೆ ಅವರ ಹೆಸರು, ಇವಳದು ಕೊನೆಯ ಪುಟದ ಕೃತಜ್ಞತೆಯಲ್ಲಿ, ಟೈಪಿಸ್ಟನ ಹೆಸರಿನ ಪಕ್ಕದಲ್ಲಿ. ಬಾಯಿ ತೆರೆಯಲಿಲ್ಲ, ಹೇಗೆ ತೆರೆಯುತ್ತಾಳೆ, ಈ ದೇಶದಲ್ಲಿ ಉಳಿಯಲು ವರ್ಷವರ್ಷವೂ ವೀಸಾದ ಕಾಗದಕ್ಕೆ ಅವರ ಸಹಿ ಬೇಕಿತ್ತು, ಆಮೇಲೆ ಸಹಿ ಬೇಡವಾಯಿತು, ಆಗಲೂ ತೆರೆಯಲಿಲ್ಲವಲ್ಲ, ಥೂ, ಅದೇ ಉರಿ — ಇಪ್ಪತ್ತೆಂಟು ವರ್ಷ ಮೊದಲ ವರ್ಷದ ಮಕ್ಕಳಿಗೆ ಭಿನ್ನರಾಶಿ ತಿದ್ದುತ್ತ, ಅವರ ಲೇಖನಗಳ ತಪ್ಪು ಸೋಸುತ್ತ, ಜರಡಿ ಎಂದು ಅಡ್ಡಹೆಸರು ಬೇರೆ, ನಮ್ಮ ಜರಡಿಗೆ ಕೊಟ್ಟರೆ ಕಲ್ಲು ಉಳಿಯಲ್ಲ ಎಂದು ನಾಲ್ಕು ಜನರ ಮುಂದೆ ನಗು, ಫೋನಿನಲ್ಲಿ ಅಕ್ಕ, ಅಷ್ಟು ದೊಡ್ಡೋರ ಕೈಕೆಳಗೆ ಇದೀಯಲ್ಲ, ಪುಣ್ಯ ಮಾಡಿದ್ದೀಯ ಕಣೆ, ಹೌದು ಅಕ್ಕ, ಹೊತ್ತುಕೊಳ್ಳಲಾಗದಷ್ಟು ಪುಣ್ಯ.

ಹಿಂದಿನ ಸಾಲಿನಲ್ಲಿ ಯಾರೋ ಎದ್ದಂತಾಯಿತು, ಬೇರೆ ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕಿ, ಕೈಯಲ್ಲಿ ರಟ್ಟಿನ ತುಂಡುಗಳು, ಸಾರ್, ಇದರಲ್ಲಿ ಕೆಲವನ್ನ ಮಗುಚಿ ಇಟ್ರೆ ಆಯತ ಪೂರ್ತಿ ಮುಚ್ಚುತ್ತೆ, ಹಾಗಾದ್ರೆ ಪ್ರಮೇಯ ತಪ್ಪಲ್ವಾ ಅಂದಳು, ಮೆಲ್ಲಗೆ, ನಿಜಕ್ಕೂ ಅರ್ಥವಾಗದೆ ಕೇಳುವವಳ ಹಾಗೆ. ಮಗುಚುವಂತಿಲ್ಲ, ಹದಿನೇಳನೇ ಪುಟ, ಇವಳೇ ಬರೆದ ಷರತ್ತು, ದರ್ಜಿಯ ಮಗಳಿಗೆ ಅದು ಗೊತ್ತಿರದೆ ಇರುತ್ತದೆಯೇ, ಅಪ್ಪ ಮಂಡಿಯೂರಿ ಬಟ್ಟೆ ಕತ್ತರಿಸುತ್ತಿದ್ದಾನೆ, ಬಾಯಲ್ಲಿ ಗುಂಡುಸೂಜಿ, ಎಡತೋಳು ಮಗುಚಿದ್ರೆ ಬಲತೋಳು ಆಗಲ್ಲ ಮಗಳೇ, ಬಟ್ಟೆಯ ಒಳಮೈ ಹೊರಗೆ ಬರುತ್ತೆ, ಇಡೀ ಪ್ರಮೇಯ ನಿಂತದ್ದು ಆ ಮಾತಿನ ಮೇಲೆ, ಈ ಪ್ರೊಫೆಸರರು ಆ ಷರತ್ತನ್ನೇ ಹೊಡೆದುಹಾಕಿದರು, ಇಷ್ಟು ಸಣ್ಣದು ಯಾಕೆ ಎಂದುಕೊಂಡಿರಬೇಕು, ಕದ್ದ ಅಂಗಿಯ ಹೊಲಿಗೆ ಕದ್ದವನಿಗೆ ಹೇಗೆ ತಿಳಿದೀತು, ಅದು ಇಲ್ಲದ್ದು ಅಚ್ಚಾದ ದಿನವೇ ಇವಳ ಕಣ್ಣಿಗೆ ಬಿದ್ದಿತ್ತು, ಸುಮ್ಮನಿದ್ದಳು, ಯಾರಾದರೂ ಕೇಳಲಿ ಎಂದು, ಕೇಳಿದರು, ಇಷ್ಟು ವರ್ಷಕ್ಕೆ. ಪ್ರೊಫೆಸರರು ಹಲಗೆ ನೋಡುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಹಲಗೆ, ಆಮೇಲೆ ಇವಳ ಕಡೆ ತಿರುಗುತ್ತಾರೆ, ಅದೇ ನಗು, ಬಾಮ್ಮ ಜರಡಿ, ಇವರಿಗೆ ಸ್ವಲ್ಪ ಬಿಡಿಸಿ ಹೇಳು, ಸೀಮೆಸುಣ್ಣ ನೀಡಿದರು.

ಎದ್ದಳು, ಮೂರು ಮೆಟ್ಟಿಲು, ಸೀಮೆಸುಣ್ಣ ಮುಟ್ಟಲಿಲ್ಲ, ಮೈಕು ಮಾತ್ರ ತನ್ನ ಕಡೆ ತಿರುಗಿಸಿಕೊಂಡಳು. ಹದಿನೇಳನೇ ಪುಟದಲ್ಲಿ ಒಂದು ಷರತ್ತು ಇತ್ತು ಸಾರ್, ಅದನ್ನ ಯಾಕೆ ಹೊಡೆದುಹಾಕಿದ್ರಿ ಹೇಳಿ, ಆಮೇಲೆ ಆ ಅರವತ್ತೊಂದು ಪುಟ ಯಾರ ಕೈಬರಹ ಅಂತಾನೂ ಹೇಳಿ. ತನ್ನದೇ ದನಿ ನಾಲ್ಕೂ ಗೋಡೆಯಿಂದ ಮರಳಿ ಬಂತು, ಹಿಂದಿನ ಸಾಲಿನವಳು ರಟ್ಟು ಹಿಡಿದು ನಿಂತೇ ಇದ್ದಳು, ಪ್ರೊಫೆಸರರ ಕೈಯೂ ಹಾಗೇ, ಕೆಳಗಿಳಿಸಲು ಮರೆತ ಕೈ, ಸುಕ್ಕುಬಿದ್ದ ಎರಡು ಬೆರಳ ನಡುವೆ ಸೀಮೆಸುಣ್ಣ, ಹಿಸುಕಿ ನುಗ್ಗಾಗಿ ಬಿಳಿ ಪುಡಿ ಕರಿಬೂಟಿನ ಮೇಲೆ ಬೀಳುತ್ತಿದೆ, ಇವಳು ಬೇರೇನೂ ಯೋಚಿಸಲಾರಳು, ಆ ಎರಡು ಬೆರಳು, ಸೀಮೆಸುಣ್ಣ, ಇನ್ನೂ ಇವಳ ಕಡೆಗೇ ಚಾಚಿಕೊಂಡಿರುವ ಆ ಎರಡು ಬೆರಳು