ಮಧ್ಯಾಹ್ನದ ಫೋನು, ಬೆಳಗಿನ ಬಿಪಿ

ಬೇಸಿಗೆಯಲ್ಲಿ ಇಸ್ತ್ರಿ ಅಂಗಡಿಯೊಳಗೆ ನಿಲ್ಲುವುದೆಂದರೆ ಹುಡುಗಾಟವಲ್ಲ. ಮೇಲೆ ಕಾದ ತಗಡು, ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ, ಎದುರಿಗೆ ಬಟ್ಟೆಯ ರಾಶಿ. ಫ್ಯಾನ್ ಹಾಕೋಣವೆಂದರೆ ನೀರು ಚಿಮುಕಿಸಿ ಹದ ಮಾಡಿಟ್ಟ ಬಟ್ಟೆ ಒಣಗಿಹೋಗುತ್ತದೆ. ಹಾಗಾಗಿ ಅದೂ ಇಲ್ಲ. ಈ ಬೆಂಕಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಲ್ಲುವವಳನ್ನು ಬೀದಿಯವರೆಲ್ಲ ಇಸ್ತ್ರಿಯಕ್ಕ ಅನ್ನುತ್ತಾರೆ.

ಅಂಗಡಿಯ ಹಿಂದೆಯೇ ಅವಳ ಒಂದು ಕೋಣೆ. ಗಂಡ ತೀರಿಕೊಂಡ ಮೇಲೆ ಅಲ್ಲಿ ಅವಳೊಬ್ಬಳೇ. ದಿನವಿಡೀ ಜನ ಬರುತ್ತಾರೆ, "ಅಕ್ಕ, ಆಯ್ತಾ?" ಅನ್ನುತ್ತಾರೆ, ಬಟ್ಟೆ ಎತ್ತಿಕೊಂಡು ಹೋಗುತ್ತಾರೆ. ಬೀದಿಯಲ್ಲಿ ಯಾರ ಅಂಗಿಯ ಕಾಲರು ಎಲ್ಲಿ ಸವೆದಿದೆ ಎಂದು ಅವಳಿಗೆ ಗೊತ್ತು. ಅವಳು ಊಟ ಮಾಡಿದಳೋ ಇಲ್ಲವೋ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.

ಹೋದ ವರ್ಷ ಡಾಕ್ಟರು ಅವಳಿಗೆ ಬಿಪಿ ಇದೆ ಎಂದು ಹೇಳಿ, ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಬೇರೆ ಊರಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ತಂಗಿಗೆ ಸುದ್ದಿ ತಿಳಿದದ್ದೇ ತಡ, ಬಿಪಿ ನೋಡುವ ಮಿಷನ್ ಕೊಂಡು ಕಳಿಸಿದಳು.

"ದಿನಾ ನೋಡ್ಕೋ ಅಕ್ಕ. ಊಟದ ಬಿಡುವಲ್ಲಿ ನಾನು ಫೋನ್ ಮಾಡ್ತೀನಿ. ಎಷ್ಟಿದೆ ಹೇಳು," ಅಂದಿದ್ದಳು.

ಅಂದಿನಿಂದ ಮಧ್ಯಾಹ್ನ ಫೋನು ಬಡಿದುಕೊಂಡರೆ ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಬಟ್ಟೆಗಂಟಿನ ಮೇಲೆ ಕೂರುತ್ತಿದ್ದಳು. ಫೋನನ್ನು ಹೆಗಲಿಗೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು, ತೋಳಿನ ಬಟ್ಟೆಯ ಮೇಲೆಯೇ ಪಟ್ಟಿ ಸುತ್ತಿಕೊಂಡು ಗುಂಡಿ ಒತ್ತುತ್ತಿದ್ದಳು. ಮಿಷನ್ ಗುಂಯ್ ಎನ್ನುತ್ತಿದ್ದಾಗಲೂ ಮಾತು ನಿಲ್ಲುತ್ತಿರಲಿಲ್ಲ. ದಿನವೆಲ್ಲ ಬಾಯಿ ಮುಚ್ಚಿಕೊಂಡಿದ್ದವಳಿಗೆ ಮಾತಾಡಲು ಸಿಗುತ್ತಿದ್ದುದೇ ಆ ಸ್ವಲ್ಪ ಹೊತ್ತು.

ಮೊದಮೊದಲು ನಂಬರು ಚೆನ್ನಾಗಿಯೇ ಇತ್ತು. "ಸರಿಯಾಗಿದೆಯಲ್ಲ, ಇಡ್ಲಾ ಅಕ್ಕ?" ಅನ್ನುತ್ತಿದ್ದಳು ತಂಗಿ. ಫೋನು ಕಟ್ಟಾಗುತ್ತಿತ್ತು. ಅಕ್ಕ ಮತ್ತೆ ಪೆಟ್ಟಿಗೆ ಕೈಗೆತ್ತಿಕೊಳ್ಳುತ್ತಿದ್ದಳು.

ಬಿಸಿಲು ಏರಿತು, ಕೆಲಸವೂ ಹೆಚ್ಚಿತು. ಒಂದು ಮಧ್ಯಾಹ್ನ ಮಿಷನ್ನಿನಲ್ಲಿ ಮೇಲಿನ ನಂಬರು ನೂರ ಅರವತ್ತು ಬಂತು. ಆ ದಿನ ತಂಗಿ ಫೋನು ಇಡಲೇ ಇಲ್ಲ. ಊಟ ಆಯಿತಾ, ಏನು ಮಾಡಿದ್ದೆ, ರಾತ್ರಿ ನಿದ್ದೆ ಬರುತ್ತಾ, ಈಗಲೂ ಕಿಟಕಿ ಮುಚ್ಚಿಕೊಂಡೇ ಮಲಗ್ತೀಯಾ ಎಂದು ಕೇಳಿದ್ದೇ ಕೇಳಿದ್ದು. ಅಕ್ಕನಿಗೆ ಭಯವೂ ಆಯಿತು, ಹಿತವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವಳನ್ನು ಕೇಳಿದ್ದರೆ ಹೇಳುತ್ತಿರಲಿಲ್ಲ.

ಆಮೇಲೆ ನಂಬರು ಮೇಲೇ ಉಳಿಯಿತು. ಬಿಸಿಲಿಗೆ ರಕ್ತ ಕುದಿಯುತ್ತಿದೆ ಎಂದು ಅಕ್ಕ ತಾನೇ ತೀರ್ಮಾನ ಮಾಡಿಕೊಂಡಳು. ಡಾಕ್ಟರನ್ನು ಕೇಳುವ ಗೋಜಿಗೆ ಹೋಗದೆ ಮಧ್ಯಾಹ್ನವೂ ಒಂದು ಮಾತ್ರೆ ನುಂಗತೊಡಗಿದಳು. ಅಂಗಡಿ ಬಿಟ್ಟು ಮತ್ತೆ ಮತ್ತೆ ಬಚ್ಚಲಿಗೆ ಓಡುವುದು ಯಾಕೆ ಎಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ತಲೆ ತಿರುಗಿದರೆ "ಬಿಪಿ ಏರಿರಬೇಕು" ಅಂದುಕೊಂಡು ಸುಮ್ಮನಾಗುತ್ತಿದ್ದಳು.

ಎದುರುಮನೆಯ ಮಹಡಿಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ಅವಳ ಬಿಳಿ ಕೋಟುಗಳೆಲ್ಲ ಅಕ್ಕನ ಕೈಯಲ್ಲೇ ಇಸ್ತ್ರಿಯಾಗುತ್ತಿದ್ದವು. ಒಂದು ಮಧ್ಯಾಹ್ನ ಕೋಟು ಒಯ್ಯಲು ಅವಳು ಬಂದಾಗ, ಕೊನೆಯದೊಂದು ಇನ್ನೂ ಮೇಜಿನ ಮೇಲಿತ್ತು. ಅಕ್ಕ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದೇ ಬಗ್ಗಿ, ಕೆಳಗಿನ ಹಲಗೆಯಿಂದ ಉಳಿದ ಕೋಟುಗಳನ್ನು ತೆಗೆದಳು. ಎದ್ದು ನಿಂತದ್ದೇ ಕಣ್ಣಿಗೆ ಕತ್ತಲೆ ಕವಿಯಿತು. ಪೆಟ್ಟಿಗೆ ಕೈಜಾರಿ ಕೋಟಿನ ಮೇಲೆ ಬಿತ್ತು. ನರ್ಸಮ್ಮ ಓಡಿಬಂದು ಅಕ್ಕನನ್ನು ಹಿಡಿದುಕೊಂಡಳು.

ಅಕ್ಕನಿಗೆ ಮತ್ತೆ ಎಚ್ಚರವಾದಾಗ ಅವಳು ತನ್ನ ಕೋಣೆಯ ನೆಲದ ಮೇಲೆ ಮಲಗಿದ್ದಳು, ಕಾಲ ಕೆಳಗೆ ಬಟ್ಟೆಗಂಟು. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ನಿಮ್ಮ ಕೋಟು ಹಾಳಾಯ್ತು ನರ್ಸಮ್ಮ," ಅಂದಳು.

"ಕೋಟು ಹಾಳಾದ್ರೆ ಹಾಳಾಗ್ಲಿ. ನಿಮ್ಮ ಕೈ ಉಳೀತಲ್ಲ. ಪೆಟ್ಟಿಗೆ ಆರಿಸಿದೀನಿ. ಮೆಲ್ಲಗೆ ನೀರು ಕುಡೀರಿ."

ಅಕ್ಕ ಸುಧಾರಿಸಿಕೊಂಡ ಮೇಲೆ ನರ್ಸಮ್ಮ ಅವಳನ್ನು ಗೋಡೆಗೆ ಬೆನ್ನು ಆನಿಸಿ ಕುರ್ಚಿಯಲ್ಲಿ ಕೂರಿಸಿದಳು. ಪಾದ ನೆಲಕ್ಕೆ ತಾಗುವಂತೆ, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ಇಡಿಸಿದಳು. ಅಲ್ಲೇ ಇದ್ದ ಅಕ್ಕನ ಮಿಷನ್ ತೆಗೆದು ಬರಿ ತೋಳಿಗೆ ಪಟ್ಟಿ ಸುತ್ತಿದಳು. ಅಕ್ಕ ಏನೋ ಹೇಳಲು ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದಳು. ಐದು ನಿಮಿಷ ಹಾಗೇ ಕಳೆದ ಮೇಲೆ ಗುಂಡಿ ಒತ್ತಿದಳು.

ಮೇಲಿನ ನಂಬರು ತೊಂಬತ್ತೆರಡು ಬಂತು.

"ಮಿಷನ್ ಕೆಟ್ಟಿದೆ," ಅಂದಳು ಅಕ್ಕ. "ದಿನಾ ನೂರ ಅರವತ್ತು ಇರುತ್ತೆ. ಅದಕ್ಕೇ ಮಧ್ಯಾಹ್ನಾನೂ ಒಂದು ಮಾತ್ರೆ ತಗೋತೀನಿ."

ನರ್ಸಮ್ಮನ ಮುಖ ಗಂಭೀರವಾಯಿತು. "ಯಾರು ಹೇಳಿದ್ದು ತಗೊಳ್ಳೋಕೆ?"

"ಯಾರೂ ಇಲ್ಲ. ಬಿಸಿಲಿಗೆ ಬಿಪಿ ಏರಲ್ವಾ?"

"ಬಿಸಿಲಿಗೆ ಎಷ್ಟೋ ಜನಕ್ಕೆ ಇಳಿಯುತ್ತೆ ಅಕ್ಕ. ಮೈ ತಂಪಾಗ್ಲಿ ಅಂತ ರಕ್ತನಾಳ ಹಿಗ್ಗುತ್ತೆ. ಬೆವರಲ್ಲಿ ಮೈಯ ನೀರೆಲ್ಲ ಹೋಗುತ್ತೆ. ನೀವು ನೀರೂ ಕುಡಿದ ಹಾಗಿಲ್ಲ, ಮೇಲಿಂದ ಇನ್ನೊಂದು ಮಾತ್ರೆ. ಇಳೀದೆ ಇನ್ನೇನಾಗುತ್ತೆ?"

"ಮತ್ತೆ ಆ ನೂರ ಅರವತ್ತು?"

"ದಿನಾ ಹೇಗೆ ನೋಡ್ಕೋತೀರೋ ಹಾಗೇ ಮಾಡಿ ತೋರಿಸಿ."

ಅಕ್ಕ ಬಟ್ಟೆಗಂಟಿನ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿ, ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು ತೋರಿಸಿದಳು. ನರ್ಸಮ್ಮ ನಕ್ಕುಬಿಟ್ಟಳು. "ಬೆಂಕಿ ಮುಂದಿಂದ ಎದ್ದು ಬಂದ್ರಿ, ಕೂತು ಸುಧಾರಿಸ್ಕೊಳ್ಲಿಲ್ಲ. ಬಟ್ಟೆ ಮೇಲೆ ಪಟ್ಟಿ. ಸಾಲದು ಅಂತ ಮಾತು ಬೇರೆ. ಇಷ್ಟಕ್ಕೇ ನಂಬರು ಏರುತ್ತೆ. ಬೆಳಿಗ್ಗೆ ತಂಪು ಹೊತ್ತಲ್ಲಿ, ಮಾತ್ರೆ ನುಂಗೋಕೆ ಮೊದ್ಲು, ಸುಮ್ನೆ ಕೂತು ನೋಡ್ಕೊಂಡ್ರೆ ಏನು ಕಷ್ಟ?"

ಅಕ್ಕ ಬಹಳ ಹೊತ್ತು ಪಟ್ಟಿಯನ್ನು ಸುತ್ತಿ ಬಿಚ್ಚಿ ಮಾಡುತ್ತ ಕೂತಳು. "ನಂಬರು ಸರಿಯಾಗಿದ್ರೆ ತಂಗಿ ಫೋನ್ ಇಟ್ಬಿಡ್ತಾಳೆ," ಅಂದಳು ಕೊನೆಗೆ. "ಜಾಸ್ತಿ ಇದ್ರೆ ಮಾತಾಡ್ತಾಳೆ."

ನರ್ಸಮ್ಮನ ನಗು ಅಲ್ಲಿಗೇ ನಿಂತಿತು. ದಿನವೂ ಇದೇ ಬಾಗಿಲಲ್ಲಿ ನಿಂತು "ಆಯ್ತಾ ಅಕ್ಕ?" ಎಂದು ಕೇಳಿ ಹೋಗುವವರಲ್ಲಿ ಅವಳೂ ಒಬ್ಬಳು. ಅಕ್ಕನ ಕೈ ಹಿಡಿದುಕೊಂಡು ಕೂತಳು.

ಆಮೇಲೆ ಅವಳೇ ಅಕ್ಕನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಬರೆದುಕೊಟ್ಟಷ್ಟೇ ಮಾತ್ರೆ ನುಂಗಬೇಕು, ಸ್ವಂತ ಬುದ್ಧಿಯಿಂದ ಒಂದು ಚೂರೂ ಹೆಚ್ಚು ಮಾಡಬಾರದು, ಕಡಿಮೆಯೂ ಮಾಡಬಾರದು ಎಂದು ಡಾಕ್ಟರು ಗದರಿದರು. ಒಂದು ವಾರ ಬೆಳಿಗ್ಗೆ ಸಂಜೆ ಸರಿಯಾಗಿ ನೋಡಿ, ಕ್ಯಾಲೆಂಡರ್ ಮೇಲೆ ಬರೆದು ತನ್ನಿ, ಬೇಸಿಗೆಗೆ ಮಾತ್ರೆಯ ಅಳತೆ ಬದಲಿಸಬೇಕೋ ಇಲ್ಲವೋ ಆಮೇಲೆ ನೋಡೋಣ ಅಂದರು.

ಮರುದಿನ ಬೆಳಿಗ್ಗೆ ಡಾಕ್ಟರು ಹೇಳಿದಂತೆಯೇ ಅಕ್ಕ ಮಾಡಿದಳು. ಸುಮ್ಮನೆ ಕೂರುವ ಆ ಐದು ನಿಮಿಷ ಅವಳಿಗೆ ಬೆಟ್ಟದಷ್ಟಾಯಿತು. ಕೋಣೆಯಲ್ಲಿ ಮಿಷನ್ನಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದಳು. ಎರಡು ಸಲವೂ ನಂಬರು ಸರಿಯಾಗಿಯೇ ಇತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಮಧ್ಯಾಹ್ನ ಫೋನು ಬಂತು. "ಇವತ್ತು ಎಷ್ಟಿದೆ ಅಕ್ಕ?"

"ಬೆಳಿಗ್ಗೆನೇ ನೋಡ್ದೆ ಕಣೇ. ಸರಿಯಾಗಿದೆ."

"ಅಬ್ಬ, ಸದ್ಯ. ಹಾಗಾದ್ರೆ ಇಡ್ಲಾ?"

ಹೂಂ ಅನ್ನುವುದು ಅವಳ ರೂಢಿ. ಈ ಸಲ ಬಾಯಿಗೆ ಬಂದದ್ದು ಬೇರೆ.

"ಇಡ್ಬೇಡ ಕಣೇ," ಅಂದಳು. ತಲೆ ತಿರುಗಿ ಬಿದ್ದದ್ದು, ಮಧ್ಯಾಹ್ನದ ಮಾತ್ರೆ, ನೂರ ಅರವತ್ತರ ಗುಟ್ಟು, ಎಲ್ಲವನ್ನೂ ಹೇಳಿದಳು.

ಆ ಕಡೆಯಿಂದ ತಂಗಿ ಅಂದಳು, "ನಿಂಗೆ ಕೆಲಸಕ್ಕೆ ಹೊತ್ತಾಗುತ್ತೇನೋ ಅಂತ ನಾನೇ ಇಡ್ತಿದ್ದೆ ಅಕ್ಕ. ಇಲ್ಲಿ ನಾನೂ ಡಬ್ಬಿ ಬಿಚ್ಕೊಂಡು ಒಬ್ಳೇ ಕೂತಿರ್ತೀನಿ. ಏನು ಮಾತಾಡೋದು ಅಂತ ಗೊತ್ತಾಗ್ದೆ ಬಿಪಿ ಕೇಳ್ತಿದ್ದೆ."

"ಡಬ್ಬೀಲಿ ಏನಿದೆ?" ಎಂದು ಕೇಳಿದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. ಆ ದಿನ ಅವರಿಬ್ಬರೂ ಫೋನಿನಲ್ಲೇ ಒಟ್ಟಿಗೆ ಊಟ ಮಾಡಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೇಸಿಗೆಯಲ್ಲಿ ನಿಮ್ಮ ಬಿಪಿಯ ಮೇಲೆ ಒಂದು ಕಣ್ಣಿಡಿ. ಬಿಸಿಲಿನಿಂದ ಬಂದ ಕೂಡಲೇ ಮಿಷನ್ ಮುಂದೆ ಕೂರಬೇಡಿ. ಬಚ್ಚಲಿಗೆ ಹೋಗಿ ಬನ್ನಿ, ಕಾಫಿ ಟೀ ಕುಡಿದಿದ್ದರೆ ಅರ್ಧ ಗಂಟೆ ತಡೆಯಿರಿ, ಬಾಯಿ ಮುಚ್ಚಿ ನೆಟ್ಟಗೆ ಕೂತು ನೋಡಿಕೊಳ್ಳಿ, ಬಂದ ನಂಬರು ಬರೆದಿಡಿ. ಮಿಷನ್ನನ್ನೂ ಬಿಸಿಲಿಗೆ ಇಡಬೇಡಿ. ನೀರು ಕಡಿಮೆ ಕುಡಿಯಿರಿ ಎಂದು ಡಾಕ್ಟರೇ ಹೇಳಿಲ್ಲದಿದ್ದರೆ ಆಗಾಗ ನೀರು ಕುಡಿಯುತ್ತಿರಿ. ಎದ್ದಾಗ ತಲೆ ತಿರುಗಿದರೆ ಕೂತುಬಿಡಿ, ಡಾಕ್ಟರಿಗೆ ತಿಳಿಸಿ. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ನಂಬರು ನೋಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಮಾತ್ರೆಯ ವಿಷಯದಲ್ಲಿ ನೀವೇ ಡಾಕ್ಟರಾಗಬೇಡಿ.

ದೂರದಲ್ಲಿರುವ ಅಕ್ಕನಿಗೋ ಅಣ್ಣನಿಗೋ ಫೋನು ಮಾಡುವವರೇ, ನಿಮಗೂ ಒಂದು ಮಾತು. ಬಿಪಿ ಎಷ್ಟಿದೆ ಎಂದು ಕೇಳಿ, ಅಗತ್ಯವಾಗಿ ಕೇಳಿ. ಸರಿಯಾಗಿದೆ ಅಂದರು ಎಂದು ಫೋನು ಇಡಬೇಡಿ.