ಮಡಿದನೋ, ಮಣಿದನೋ

ಮಾವ ಸತ್ತ ಮೇಲೆ ಶನಿವಾರದ ಆಟ ಸಪ್ಪೆಯಾಗಿಬಿಟ್ಟಿತ್ತು. ಸತ್ತದ್ದು ಆಟದಲ್ಲಿ ಅಷ್ಟೇ. ಮನೆಯಲ್ಲಿ ಅವರು ಗಟ್ಟಿಮುಟ್ಟಾಗಿ ಓಡಾಡಿಕೊಂಡೇ ಇದ್ದರು. ಸೊಸೆಗೆ ಅದೇ ಪೀಕಲಾಟ. ನಿಜವಾಗಿ ಸತ್ತವರಾದರೆ ಪಕ್ಕದ ಕೋಣೆಯಲ್ಲಿ ಕೂತು ಕೆಮ್ಮುವುದಿಲ್ಲ.

ಗಂಡ ಬರೆಯುವುದು, ಅವಳು ಅಕ್ಷರ ಜೋಡಿಸಿ, ಕರಡು ತಿದ್ದಿ, ಪುಟ ಕಟ್ಟುವುದು. ಮನೆಯ ಮುಂದಿನ ಕೋಣೆಯೇ ಅವರ ಪ್ರಕಾಶನ. ತರುವುದು ಕಥೆಯಾಟದ ಪುಸ್ತಕಗಳನ್ನು. ಒಬ್ಬರು ಪುಸ್ತಕ ಹಿಡಿದು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು, ಅದು ಕೈಗೂಡುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸಬೇಕು. ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿದ್ದ ಮಾವ ಮೊದಮೊದಲು ಇದನ್ನು ಕಂಡು ಮೂಗು ಮುರಿದಿದ್ದರು. ಒಂದು ಸಂಜೆ ಆಳು ಸಾಲದೆ ಒಲ್ಲದ ಮನಸ್ಸಿನಿಂದ ಬಂದು ಕೂತವರು ಆಮೇಲೆ ಏಳಲೇ ಇಲ್ಲ. ಅವರ ಪಾತ್ರ ದಳವಾಯಿ. ಎದುರಿಗೆ ರಾಕ್ಷಸರ ಹಿಂಡು ಬಂದರೂ ದಳವಾಯಿ ಕತ್ತಿಗೆ ಮೊದಲು ಗಂಟಲನ್ನೇ ನಂಬುತ್ತಿದ್ದ. "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಗದರಿಸಿ ಅವರನ್ನು ಗುಹೆಗೆ ತುಂಬಿಬಿಡುತ್ತಿದ್ದ.

ಅಂಥ ದಳವಾಯಿಯನ್ನು ಸೊಸೆಯೇ ಕೈಯಾರೆ ಮುಗಿಸಬೇಕಾಯಿತು. ಬೂದಿರಾಣಿಯ ಕಥೆ ಅಚ್ಚಾಗಿ ಬಂದ ಹೊಸತು. ಆಟದಲ್ಲಿ ರಾಣಿಯಾಗಿ ಮಾತಾಡುವುದೂ ಕಥೆ ನಡೆಸುವ ಅವಳ ಪಾಲಿಗೇ ಬಂದಿತ್ತು. ದಳವಾಯಿ ರಾಣಿಗೆ ಎದುರಾದಾಗ ದಾಳ ಕೈಕೊಟ್ಟಿತು. ಅವಳು ಪುಸ್ತಕ ನೋಡಿ ಓದಿದಳು: ‘ರಾಣಿಯ ದೃಷ್ಟಿ ಬಿದ್ದವನು ಅಲ್ಲೇ ಮಡಿಯುತ್ತಾನೆ.’

"ಪುಸ್ತಕದಲ್ಲಿ ಹಾಗಿದ್ರೆ ಮುಗೀತು" ಎಂದು ಮಾವ ಎದ್ದರು. ಬೇರೆ ಪಾತ್ರ ತಗೊಳ್ಳಿ ಎಂದರೆ, "ಇಳಿದ ಮೇಲೆ ಇಳಿದ ಹಾಗೆ" ಎಂದರು. ಅಂದಿನಿಂದ ಶನಿವಾರ ಬಂತೆಂದರೆ ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂರುವುದು. ಪಕ್ಕದ ಮನೆಯ ದರ್ಜಿ ಆಟದಲ್ಲಿ ಏನಾದರೂ ಎಡವಟ್ಟು ಮಾಡಹೊರಟರೆ ಅಲ್ಲಿಂದ ಒಂದು ಕೆಮ್ಮು. ದರ್ಜಿ ತಕ್ಷಣ ಮನಸ್ಸು ಬದಲಿಸುತ್ತಿದ್ದ. ಇದು ಆಟದ ನಿಯಮಕ್ಕೆ ವಿರುದ್ಧ, ಆದರೆ ಕೆಮ್ಮಿಗೆ ದಂಡ ಹಾಕುವುದು ಹೇಗೆ? ಸೊಸೆಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಎದುರು ನಿಂತು ಮಾತಾಡಲು ಹೆದರುತ್ತಿದ್ದವಳು ಅವರೊಂದಿಗೆ ನಕ್ಕು ಸಲುಗೆ ಬೆಳೆಸಿಕೊಂಡದ್ದೇ ಈ ಮೇಜಿನಲ್ಲಿ.

ಅಷ್ಟರಲ್ಲಿ ಅಂಗಡಿಯವರ ವರಾತ ಶುರುವಾಯಿತು. ಆಡುವವರಿಗೆ ಮೇಜಿನ ಮೇಲೆ ಹರಡಿಕೊಳ್ಳಲು ಕಾಗದದ ಪುಸ್ತಕವೂ ಬೇಕು, ಬೇಕಾದ ನಿಯಮವನ್ನು ಥಟ್ಟನೆ ಹುಡುಕಲು ಟ್ಯಾಬ್ಲೆಟ್ಟಿನ ಪ್ರತಿಯೂ ಬೇಕು, ಒಂದನ್ನೇ ಎರಡು ಸಲ ಕೊಳ್ಳಿ ಎಂದರೆ ಮುಖ ಗಂಟಿಕ್ಕುತ್ತಾರಂತೆ. ಹಾಗಾಗಿ ಗಂಡ ‘ಜೋಡಿ ಪ್ರತಿ’ಯ ಏರ್ಪಾಡು ಮಾಡಿದ. ಹಿಂಬದಿಯ ರಟ್ಟಿನ ಒಳಗೊಂದು ಚೀಟಿ. ಅದರ ಬೆಳ್ಳಿ ಬಣ್ಣ ಕೆರೆದರೆ ಗುಟ್ಟಿನ ಸಂಖ್ಯೆ. ಅದನ್ನು ಟ್ಯಾಬ್ಲೆಟ್ಟಿನಲ್ಲಿ ಒತ್ತಿದರೆ ಇಡೀ ಪುಸ್ತಕ ಪರದೆಯ ಮೇಲೆ. ಚೀಟಿ ಅಂಟಿಸುವ ಕೆಲಸ ಮಾವನ ಪಾಲಿಗೆ ಬಂತು.

"ಒಂದು ಟಿಕೆಟ್ಟಿಗೆ ಎರಡು ಬಸ್ ಹತ್ತಿಸ್ತೀರಲ್ಲ" ಎಂದರು ಮಾವ, ಅಂಟಿನ ಬಾಟಲಿ ತಿರುಗಿಸುತ್ತ.

"ಎರಡೂ ಒಂದೇ ಊರಿಗೆ ಹೋಗೋದು ಮಾವ."

"ಹೋಗ್ತವೋ ಇಲ್ವೋ ನೋಡ್ಬೇಕಲ್ಲ."

ಒಂದು ಚೀಟಿ ಕೆರೆದು, ಟ್ಯಾಬ್ಲೆಟ್ ಇಸಿದುಕೊಂಡು, ಕಾಗದದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಕೂತರು. ಮೊದಲಿಂದ ಓದಿದರೇ? ಇಲ್ಲ. ತಾವು ಸತ್ತ ಪುಟಕ್ಕೇ ನೇರವಾಗಿ ಹೋದರು. ಯಾರಾದರೂ ಅದನ್ನೇ ಮಾಡುತ್ತಿದ್ದರು. ಬೆರಳು ಕಾಗದದ ಮೇಲೆ ಹೋಯಿತು, ಪರದೆಯ ಮೇಲೆ ಹೋಯಿತು, ಮತ್ತೆ ಕಾಗದಕ್ಕೆ ಬಂತು.

"ಬಾಮ್ಮ ಇಲ್ಲಿ. ಇದರಲ್ಲಿ ಮಡಿಯುತ್ತಾನೆ ಅಂತಿದೆ. ಇದರಲ್ಲಿ ಮಣಿಯುತ್ತಾನೆ ಅಂತಿದೆ. ನಾನು ಯಾವ ಬಸ್ಸಲ್ಲಿ ಕೂರ್ಲಿ?"

ಸೊಸೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಒಂದಕ್ಷರ. ಎರಡೂ ಸರಿಯಾದ ಪದವೇ, ಕಂಪ್ಯೂಟರಾದರೂ ಯಾಕೆ ಕೆಂಪು ಗೆರೆ ಎಳೆದೀತು? ಗಂಡನನ್ನು ಕೂಗಿದಳು.

"ನಾನು ಬರೆದದ್ದು ಮಣಿ ಅಂತಲೇ" ಎಂದ ಅವನು. "ಪರದೆ ಪ್ರತೀಲಿ ಸರಿ ಮಾಡಿದ್ದೆ."

"ಅವತ್ತು ನೀವೂ ಮೇಜಲ್ಲೇ ಇದ್ರಲ್ಲ?"

"ಇದ್ದೆ. ನೀನು ಅಷ್ಟು ಜೋರಾಗಿ ಓದ್ತಿದ್ದೆ. ನಡುವೆ ಬಾಯಿ ಹಾಕೋದು ಯಾಕೆ ಅಂತ."

ಹೆಂಡತಿಯ ಮಾತಿಗೆ ಎದುರಾಡದ ಗಂಡ ಬೇಕೆಂದು ಬಯಸುವವರು ಇದನ್ನು ಗಮನಿಸಬೇಕು. ಅವನ ಸೌಜನ್ಯಕ್ಕೆ ಅವನ ಅಪ್ಪನೇ ಬಲಿಯಾಗಿದ್ದ.

"ಕಾಗದದ ಪ್ರತಿಗೊಂದು ತಿದ್ದುಪಡಿ ಚೀಟಿ ಸೇರಿಸೋಣ. ದಳವಾಯಿ ಬದುಕಿದ್ದಾನೆ ಮಾವ" ಎಂದಳು ಸೊಸೆ. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದಿತ್ತು.

"ಬೇಡ" ಎಂದರು ಮಾವ. "ಪರದೇನೇ ತಿದ್ದಿ. ಮಡಿದ ಅಂತಲೇ ಇರಲಿ. ದಳವಾಯಿ ಬೇಕಾದ್ರೆ ಸಾಯ್ತಾನೆ, ಯಾರ ಮುಂದೂ ಬಗ್ಗೋ ಆಸಾಮಿ ಅಲ್ಲ."

ಸತ್ತದ್ದಕ್ಕೆ ಇಷ್ಟು ದಿನ ಮುಖ ಊದಿಸಿಕೊಂಡಿದ್ದವರು ಈಗ ಬದುಕಿಸಿದರೆ ಬೇಡವೆನ್ನುತ್ತಿದ್ದರು. ಗಂಡ ಮೆಲ್ಲಗೆ ಜಾರಿಕೊಂಡ. ಸೊಸೆ ಜಾರಿಕೊಳ್ಳಲಿಲ್ಲ.

"ತಪ್ಪು ನಂದು ಮಾವ. ದಳವಾಯಿ ಮಾನ ಉಳೀಬೇಕು, ಸರಿ. ಆದ್ರೆ ಅವನು ಸತ್ತೇ ಇದ್ರೆ ನೀವು ಬರಲ್ಲ. ನೀವಿಲ್ದೆ ನನಗೆ ಆ ಮೇಜಲ್ಲಿ ಕೂರೋಕೇ ಮನಸ್ಸಿಲ್ಲ."

ಮಾವ ಮತ್ತೆ ಚೀಟಿ ಅಂಟಿಸತೊಡಗಿದರು. ಕೆಲವು ತಲೆಕೆಳಗಾಗಿ ಅಂಟಿದವು. ತಿದ್ದುಪಡಿಯ ತೀರ್ಮಾನವಾಗದೆ ಪುಸ್ತಕದ ಕಟ್ಟುಗಳು ಬಾಗಿಲ ಬಳಿಯೇ ಉಳಿದವು.

ಶನಿವಾರ ದರ್ಜಿ ಬಂದ, ಆಟ ಶುರುವಾಯಿತು. ಅವನು ಎಂದಿನಂತೆ ಎಡವಟ್ಟು ಮಾಡಿದ. ಕೆಮ್ಮು ಕೇಳಿಸಲಿಲ್ಲ. ಅವನು ಗಾಬರಿಯಾಗಿ ಬಾಗಿಲ ಕಡೆ ನೋಡಿದರೆ, ಮಾವ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬರುತ್ತಿದ್ದರು. ಸೊಸೆಯ ಎದುರಿಗೇ ಹಾಕಿ ಕೂತರು.

"ರಾಣಿ ದೃಷ್ಟಿ ಬಿತ್ತು ತಾನೆ? ಅಲ್ಲಿಂದ ಶುರು ಮಾಡು. ಮಂಡಿ ಊರಬೇಕಾ, ತಲೆ ಬಗ್ಗಿಸಿದ್ರೆ ಸಾಕಾ? ಮಂಡಿ ಅಂದ್ರೆ ಆಗಲ್ಲ, ನೋವಿದೆ."

"ತಲೆ ಸಾಕು" ಎಂದಳು ಸೊಸೆ.

ಸಾವಿರಾರು ಪ್ರಯಾಣಿಕರ ಜಗಳಕ್ಕೆ ಬಗ್ಗದ ಆ ತಲೆ ನಿಧಾನವಾಗಿ ಬಗ್ಗಿತು. ಆಟಕ್ಕಲ್ಲ, ನಿಜವಾಗಿಯೇ ಬಗ್ಗಿತು. ನೆತ್ತಿಯ ಮೇಲಿನ ತೆಳ್ಳನೆಯ ಬಿಳಿಕೂದಲನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ರಾಣಿ ಈಗ ಗಹಗಹಿಸಿ ನಗಬೇಕಿತ್ತು. ಪುಸ್ತಕದಲ್ಲಿ ಹಾಗೆಂದು ದಪ್ಪಕ್ಷರದಲ್ಲಿತ್ತು.

"ಏಳಿ ಮಾವ" ಎಂದಳು ರಾಣಿ. "ತಲೆ ಎತ್ತಿ, ದಮ್ಮಯ್ಯ."